ಫಾದರಪ್ಪನಿಗಾಗಿ ಮಾಡಿದ ಸೌದಾ

ನಾನು ದನದ ದಲ್ಲಾಳಿ ಹನುಮಂತಪ್ಪ. ನಮ್ಮ ಕಸುಬಿನಲ್ಲಿ ನಿವೃತ್ತಿಗೆ ಹಾರ, ಶಾಲು ಇರುವುದಿಲ್ಲ. ಸಂತೆಯವರೆಗೆ ನಡೆಯಲು ಮೊಣಕಾಲು ಒಲ್ಲೆ ಎಂದ ದಿನವೇ ನಿವೃತ್ತಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಸಂತೆಗಳಲ್ಲಿ ನನ್ನ ಚಪ್ಪಲಿ ಸವೆದಷ್ಟು ಎತ್ತಿನ ಗೊರಸೂ ಸವೆದಿಲ್ಲ. ಈಗ ಹಳೆ ಟ್ರ್ಯಾಕ್ಟರ್ ಮಾರಿಸುವವರು, ಪ್ಲಾಟು ತೋರಿಸುವವರು, ಕುರಿ ವ್ಯಾಪಾರಕ್ಕೆ ಇಳಿದವರು ಆಗಾಗ ನನ್ನ ಕಟ್ಟೆಗೆ ಬಂದು, 'ಯಜಮಾನ, ನಿಮ್ಮ ಕಾಲದ ಗುಟ್ಟು ಏನಿತ್ತು ಹೇಳ್ರಿ' ಎನ್ನುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎಷ್ಟು ಜೋಡಿ ಮಾರಿಸಿದೆ, ಮನೆ ಯಾವಾಗ ಕಟ್ಟಿಸಿದೆ ಎಂಬುದನ್ನೆಲ್ಲ ಬಿಡುತ್ತೇನೆ. ನನ್ನ ಬದುಕಿನ ದೊಡ್ಡ ಸೌದಾ ಎತ್ತಿನದಾಗಿರಲಿಲ್ಲ, ಒಬ್ಬ ಮನುಷ್ಯನದಾಗಿತ್ತು. ಸಿಂಧನೂರಿನ ಚರ್ಚಿನ ಫಾದರ್ ಇನ್ನಾಸಪ್ಪನವರನ್ನು ಬೇರೆ ಊರಿಗೆ ಕಳಿಸಬೇಡಿರೆಂದು ನಾನು ಬಿಷಪ್ಪರ ಎದುರು ಕುಳಿತು ಚೌಕಾಸಿ ಮಾಡಿದೆ. ಆ ಸೌದಾದಲ್ಲಿ ನಾನು ಮಾಡಿದಂಥ ತಪ್ಪನ್ನು ಸಂತೆಗೆ ಮೊದಲ ದಿನ ಬಂದವನೂ ಮಾಡಲಾರ.

ಫಾದರ್ ಎಂಬತ್ತರ ದಶಕದ ನಡುವೆ ಸಿಂಧನೂರಿಗೆ ಬಂದರು. ಮೈಸೂರು ಕಡೆಯವರು. ಮಸ್ಕಿ, ಲಿಂಗಸುಗೂರಿನಲ್ಲಿದ್ದ ನಾಲ್ಕಾರು ಕ್ರೈಸ್ತ ಮನೆಗಳೂ ಅವರ ಪಾಲಿಗೇ ಬರುತ್ತಿದ್ದವು. ಒಂದು ಹಳೆಯ ಮೋಟಾರ್ ಸೈಕಲ್ಲಿನ ಮೇಲೆ ಮೂರು ಊರು ಸುತ್ತುತ್ತಿದ್ದರು. ಚರ್ಚಿನವರು ಫಾದರಪ್ಪ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು.

ನಾನು ಅವರನ್ನು ಮೊದಲು ಕಂಡದ್ದು ಲಿಂಗಸುಗೂರಿನ ದನದ ಸಂತೆಯಲ್ಲಿ. ಬಿಳಿ ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಸಗಣಿ ದಾಟುತ್ತ ಬಂದವರೇ ಇಡೀ ಸಂತೆಗೆ ಕೇಳುವಂತೆ, "ಒಳ್ಳೆ ಎತ್ತು ಯಾರ ಹತ್ರ ಇದೆ? ನನಗೆ ಇವತ್ತೇ ಬೇಕು!" ಎಂದರು.

ಹುಡುಗರೇ, ಸಂತೆಯಲ್ಲಿ 'ಇವತ್ತೇ ಬೇಕು' ಎನ್ನುವುದಕ್ಕಿಂತ ದೊಡ್ಡ ತಪ್ಪಿಲ್ಲ. ಆ ಮಾತು ಬಿದ್ದ ಕೂಡಲೇ ನಿಂತ ಎತ್ತುಗಳಿಗೂ ಗತ್ತು ಬಂದುಬಿಡುತ್ತದೆ. ಹತ್ತು ಮಂದಿ ದಲ್ಲಾಳಿಗಳು ಎದ್ದರು. ನಾನು ಎಲ್ಲರಿಗಿಂತ ಮೊದಲು ಎದ್ದೆ.

ಕೊಡಿಸಿದ ಜೋಡಿ ನೋಡಲು ಚಂದವಿತ್ತು. ನಾಲ್ಕು ಹಲ್ಲು, ನೆಟ್ಟಗಿನ ಕೊಂಬು, ಮೈಮೇಲೆ ಕೈಯಿಟ್ಟರೆ ಜಾರಬೇಕು. "ಇವು ಸಾಧು ತಾನೇ?" ಎಂದು ಕೇಳಿದರು. "ಕೂಸಿನಂಥಾವ್ರಿ ಅಪ್ಪಾರ" ಎಂದೆ. ಅದು ನಿಜವೇ. ಹೇಳದೆ ಬಿಟ್ಟದ್ದು ಒಂದೇ: ಆ ಎತ್ತುಗಳು ಎರೆಹೊಲದಲ್ಲಿ ಜೋಳ ಬಿತ್ತಿ ಬೆಳೆದವು, ಕೆಸರನ್ನು ಕಂಡೇ ಇರಲಿಲ್ಲ. ಸಿಂಧನೂರಿನ ನೀರಾವರಿಯಲ್ಲಿ ಭತ್ತದ ಗದ್ದೆಯ ಕೆಲಸವೆಂದರೆ ಮೊಣಕಾಲುದ್ದದ ಕೆಸರು.

ನನಗೆ ಕಸುಬು ಕಲಿಸಿದ ಉಸ್ತಾದ್ ಖಾದರಸಾಬ ಅಂದು ಚಹಾದಂಗಡಿಯಲ್ಲಿದ್ದರು. ಹಲ್ಲು ಎಣಿಸುವುದರಿಂದ ಹಿಡಿದು ಸುಳಿ ನೋಡುವುದರವರೆಗೆ ನನಗೆ ಬಂದದ್ದೆಲ್ಲ ಅವರಿಂದ ಬಂದದ್ದು.

"ಆ ಜೋಡಿ ಎಲ್ಲಿಗೆ ಹೋತಲೇ?" ಎಂದರು.

"ಸಿಂಧನೂರಿಗೆ, ಉಸ್ತಾದ್."

"ನೀರಾವರಿಗಾ?"

"ಹೂಂ."

"ಕೆಸರಿನಾಗ ಇಳೀತಾವೇನಲೇ ಅವು?"

"ಅವರು ಕೇಳ್ಲಿಲ್ಲ."

ಉಸ್ತಾದರು ಚಹಾದ ಬಸಿಯನ್ನು ಕೆಳಗಿಟ್ಟರು. "ಬಾಯಿ ತೆರೆದು ಸುಳ್ಳು ಹೇಳಿದವನ್ನ ಮಂದಿ ಒಂದು ಸಲ ಬೈತಾರ. ಬಾಯಿ ಮುಚ್ಚಿ ಸುಳ್ಳು ಹೇಳಿದವನ ಮನೀಗೆ ಬರ್ತಾರ. ಬರ್ತಾರ ನೋಡು, ತಯಾರಿರು."

ಬಂದರು. ಮೂರನೆಯ ದಿನ ಬೆಳಿಗ್ಗೆ ಫಾದರಪ್ಪ ನನ್ನ ಮನೆ ಬಾಗಿಲಲ್ಲಿ ನಿಂತಿದ್ದರು. ನಿಲುವಂಗಿ ಸೊಂಟದವರೆಗೆ ಕೆಸರು. ನಾನು ಹಿತ್ತಲ ಬಾಗಿಲು ನೋಡುತ್ತಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಒಳಗೆ ಕರೆದುಬಿಟ್ಟಿದ್ದಳು.

"ಹನುಮಂತಪ್ಪನವರೇ, ಎತ್ತು ತುಂಬಾ ಚೆನ್ನಾಗಿವೆ" ಎಂದರು. "ಕೂತ್ಕೊಂಡಿವೆ."

"ಎಲ್ಲಿ ರೀ?"

"ಗದ್ದೆಯಲ್ಲಿ. ಒಂದು ಕೂತ್ಕೊಂಡ್ತು. ಇನ್ನೊಂದು ಅದನ್ನ ನೋಡಿ ಕೂತ್ಕೊಂಡ್ತು. ನಾನು ಹಿಂದಿನಿಂದ ನೂಕೋಕೆ ಹೋದೆ, ನಾನೂ ಕೂತ್ಕೊಂಡೆ."

ನನಗೆ ತಡೆಯಲಾಗದೆ ನಗೆ ಬಂತು. ಅವರಿಗೂ ಬಂತು. ಬೈಯಲಿಲ್ಲ, ವಾಪಸು ತಗೋ ಎನ್ನಲಿಲ್ಲ. "ಎಬ್ಬಿಸೋದು ಹೇಗೆ ಹೇಳಿಕೊಡಿ" ಎಂದರು. ರೊಟ್ಟಿ, ಪುಂಡಿಪಲ್ಯ ಇಟ್ಟರೆ ಎರಡು ಸಲ ಬಡಿಸಿಕೊಂಡರು. ಉಣ್ಣುತ್ತ, ತಮಗೆ ಎತ್ತು ಯಾಕೆ ಬೇಕಾಯಿತೆಂದು ಹೇಳಿದರು.

ಅವರ ಚರ್ಚಿಗೆ ಬರುವ ಆರು ಮನೆಯವರಿಗೆ ಊರ ಹೊರಗೆ, ದೊಡ್ಡ ರಸ್ತೆಯ ಬದಿಗೆ, ಕಾಲುವೆಯ ಕಡೇ ತುದಿಯಲ್ಲಿ ಎರಡೆರಡು ಎಕರೆ ಗದ್ದೆ ಇತ್ತು. ಎತ್ತು ಒಬ್ಬರಿಗೂ ಇರಲಿಲ್ಲ. ಕಾಲುವೆಗೆ ನೀರು ಬಿಟ್ಟ ದಿನ ಬಾಡಿಗೆ ಎತ್ತುಗಳೆಲ್ಲ ಮುಕ್ಕುಂದ, ವಳಕಮದಿನ್ನಿಯ ದೊಡ್ಡ ರೈತರ ಗದ್ದೆಗೆ ಹೋಗುತ್ತಿದ್ದವು. ಅವರದೆಲ್ಲ ಮುಗಿದು ಇವರ ಸರದಿ ಬರುವ ಹೊತ್ತಿಗೆ ನಾಟಿ ತಡವಾಗಿ, ಕಾಳು ಕಟ್ಟುವಾಗ ನೀರು ನಿಂತು, ಮನೆಗೆ ಬರುವುದು ಅರ್ಧ ಜೊಳ್ಳು.

"ಆರು ಮನೆಗೆ ಆರು ಜೋಡಿ" ಎಂದರು ಫಾದರಪ್ಪ. "ಎಲ್ಲರೂ ಸೇರಿ ಸುಗ್ಗಿಯಲ್ಲಿ ಭತ್ತ ಎತ್ತಿಡ್ತಾರೆ. ಅದರಲ್ಲಿ ವರ್ಷಕ್ಕೊಂದು ಜೋಡಿ ಆಗುತ್ತೆ. ನೀರು ಬಂದ ಮೊದಲನೇ ದಿನ ಇವರ ಗದ್ದೆಯಲ್ಲೂ ಎತ್ತು ಇಳೀಬೇಕು. ಅಲ್ಲಿವರೆಗೆ ನಾನು ಇಲ್ಲಿದ್ದರೆ ಸಾಕು."

ಮಾರನೆಯ ಸಂತೆಗೇ ಆ ಜೋಡಿಯನ್ನು ಮಸ್ಕಿಗೆ ಹೊಡೆದುಕೊಂಡು ಹೋಗಿ ಒಬ್ಬ ಒಣಬೇಸಾಯದವನಿಗೆ ಕೊಡಿಸಿದೆ. ಅವನು ಅವುಗಳನ್ನು ನೋಡಿ ಹಿಗ್ಗಿದ. ಎತ್ತಿನಲ್ಲಿ ತಪ್ಪಿರಲಿಲ್ಲ, ತಪ್ಪು ನೆಲಕ್ಕೆ ಕಳಿಸಿದವನು ನಾನು. ಅಂದಿನಿಂದ ನಾನು ಫಾದರಪ್ಪನ ದಲ್ಲಾಳಿ.

ಕೆಸರಿನ ಎತ್ತು ನೋಡುವುದನ್ನು ಕಲಿಯಲು ಇಬ್ಬರೂ ಮೋಟಾರ್ ಸೈಕಲ್ಲಿನ ಮೇಲೆ, ಬಂಗಾಲದಿಂದ ಬಂದ ನಿರಾಶ್ರಿತರು ನೆಲೆಸಿದ್ದ ಆರ್.ಎಚ್. ಕ್ಯಾಂಪಿಗೆ ಹೋದೆವು. ಭತ್ತ ಬೆಳೆಯುವುದನ್ನು ತಾಯಿಯ ಹಾಲಿನ ಜೊತೆ ಕಲಿತ ಬಂಗಾಲಿಗಳು ಅಲ್ಲಿದ್ದರು. ಒಬ್ಬ ಮುದುಕ ತನ್ನ ಜೋಡಿ ತೋರಿಸಿದ. ನಾನು ಅಭ್ಯಾಸದಂತೆ ಬಾಯಿ ಬಿಡಿಸಲು ಹೋದರೆ ನನ್ನ ಕೈಗೆ ಒಂದು ಪೆಟ್ಟು ಕೊಟ್ಟ.

"ಏ ದಲ್ಲಾಳಿ, ಹಲ್ಲು ಬಾದ್ ಮೇ ನೋಡು. ಪೈಲಾ ಪಾನಿಯಾಗ ನಡಿಸು. ಕಣ್ಣು ಬಂದ್ ಮಾಡು, ಕಿವಿಯಿಂದ ನೋಡು."

ಎತ್ತನ್ನು ಕೆಸರಿಗೆ ಇಳಿಸಿದ. ಕಣ್ಣು ಮುಚ್ಚಿ ನಿಂತೆ. ಬಲ್ಲ ಎತ್ತು ಕೆಸರಿನಿಂದ ಕಾಲು ಕೀಳುವಾಗ ಚಪ್, ಚಪ್ ಎಂದು ಒಂದೇ ಅಳತೆಯಲ್ಲಿ ಸದ್ದು ಬರುತ್ತದೆ. ಹೆದರುವ ಎತ್ತಿನದು ತಪ್ಪಿ ತಪ್ಪಿ ಬರುತ್ತದೆ. ಹದಿನೈದು ವರ್ಷ ಕಸುಬು ಮಾಡಿದ ಮೇಲೆ ನನಗೆ ಅದು ಅಂದು ತಿಳಿಯಿತು. ಮುಂದೆ ನೀರಾವರಿಯವರಿಗೆ ನಾನು ಕೆಸರಿನಲ್ಲಿ ನಡೆಸದೆ ಒಂದು ಎತ್ತನ್ನೂ ಕೊಡಿಸಲಿಲ್ಲ. ಫಾದರಪ್ಪನೂ ಅಂದು ಕಣ್ಣು ಮುಚ್ಚಿ ನಿಂತಿದ್ದರು. ಪ್ರಾರ್ಥನೆ ಮಾಡುತ್ತಿದ್ದಾರೆಂದು ತಿಳಿದು ಮುದುಕನೂ ಕೈ ಮುಗಿದ, ಆಮೇಲೆ ಇಬ್ಬರಿಗೂ ಮೀನು ಸಾರು, ಅನ್ನ ಹಾಕಿ ಕಳಿಸಿದ.

ನಮ್ಮ ಕಾಲದಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಕೈ ಇನ್ನೊಬ್ಬರು ಹಿಡಿದು ಬೆರಳಿನಲ್ಲಿ ಮಾತಾಡುತ್ತಿದ್ದೆವು. ಎರಡು ಬೆರಳು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು. ಮೇಲೆ ಬಾಯಿ ಮಳೆಯ ಮಾತೋ ಮದುವೆಯ ಮಾತೋ ಆಡುತ್ತಿರಬೇಕು. ಸುತ್ತ ನೂರು ಮಂದಿ ನಿಂತಿದ್ದರೂ ದರ ಇಬ್ಬರಿಗೇ ಗೊತ್ತು. ಫಾದರಪ್ಪ ಇದನ್ನು ಕಲಿಯುತ್ತೇನೆಂದು ಹಟ ಹಿಡಿದರು. ಬೆರಳು ಬೇಗ ಕಲಿತರು. ಮುಖ ಮಾತ್ರ ಕಲಿಯಲಿಲ್ಲ. ಎದುರಿನವನು ಬೆರಳು ಒತ್ತಿದ ಕೂಡಲೇ ಹುಬ್ಬು ಹಣೆಗೆ ಹತ್ತುತ್ತಿತ್ತು. ಒಮ್ಮೆ ಎಲ್ಲರ ಮುಂದೆ "ಏನು, ಮೂರಾ?" ಎಂದುಬಿಟ್ಟರು.

"ಅಪ್ಪಾರ, ಬಾಯಾಗ ಹೇಳೂದಾಗಿದ್ರ ಈ ಟವೆಲ್ ಯಾಕ ಬೇಕಿತ್ರಿ? ಮುಖಕ್ಕ ಹೊಚ್ಚಿಗೊಳ್ರಿ" ಎಂದೆ.

ಆಮೇಲೆ ದರ ಮಾತಾಡುವಾಗಲೆಲ್ಲ ಅವರನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದೆ. ಪಾಪ, ಶಿಕ್ಷೆಗೆ ನಿಲ್ಲಿಸಿದ ಶಾಲೆಯ ಮಗುವಿನಂತೆ ನಿಲ್ಲುತ್ತಿದ್ದರು.

ಮಸ್ಕಿಯ ಸಂತೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ಚರ್ಚಿನವರ ಒಂದು ಎತ್ತಿನ ಬಲಗಣ್ಣು ಮಂಜಾಗಿತ್ತು. ಅದನ್ನು ಮಾರಿ ಬದಲಿಗೆ ಬೇರೆ ಎತ್ತು ತರಲು ಹೊಡೆದುಕೊಂಡು ಹೋದೆವು. ಆ ಕಣ್ಣು ಗೋಡೆಯ ಕಡೆ ಬರುವಂತೆ ನಾನು ಎತ್ತನ್ನು ಕಟ್ಟಿದ್ದೆ. ಗಿರಾಕಿ ಒಪ್ಪಿ ಹಗ್ಗ ಬಿಚ್ಚಬೇಕು, ಫಾದರಪ್ಪ ಅಲ್ಲಿಂದ, "ಅಣ್ಣಾ, ಇದಕ್ಕೆ ಬಲಗಣ್ಣು ಸರಿಯಾಗಿ ಕಾಣಲ್ಲ. ನೋಡಿ ತಗೋ" ಎಂದರು.

ನನ್ನ ಬಾಯಿಯ ಎಲೆಅಡಿಕೆ ಅಲ್ಲೇ ನಿಂತಿತು. ಗಿರಾಕಿ ಸುತ್ತಿ ಬಂದು ಆ ಕಣ್ಣು ನೋಡಿದ. ಫಾದರಪ್ಪನ ಮುಖ ನೋಡಿದ.

"ಮತ್ತೇನೈತ್ರಿ ಅಪ್ಪಾರ ಇದಕ್ಕ?"

"ಅಷ್ಟೇ."

"ಹಂಗಿದ್ರ ಕೊಡ್ರಿ. ಎಡಕ್ಕ ಹೂಡ್ತೀನಿ. ಬಲಕ್ಕ ಜೋಡಿ ಎತ್ತು ಇರ್ತದಲ್ಲ, ಆ ಕಡೆದು ಅದು ನೋಡಿಕೊಂತದ."

ಒಪ್ಪಿದ ದರದಲ್ಲಿ ಒಂದು ಬೆರಳೂ ಇಳಿಸಲಿಲ್ಲ ಅವನು. ಮುಂದಿನ ಭಾನುವಾರ ಚರ್ಚಿನಲ್ಲಿ ಫಾದರಪ್ಪ ಇದರ ಮೇಲೆಯೇ ಪ್ರಸಂಗ ಮಾಡಿದರಂತೆ: ಒಬ್ಬನಿಗೆ ಕಾಣದ ಕಡೆಯನ್ನು ಪಕ್ಕದವನು ನೋಡಿಕೊಳ್ಳುವುದು ಎಂದು. ನಾನು ತೆಗೆದುಕೊಂಡ ಪಾಠ ಬೇರೆ. ಮಾಲಿನ ಒಂದು ಕುಂದನ್ನು ನೀವೇ ಮೊದಲು ಹೇಳಿಬಿಡಿ, ಉಳಿದದ್ದನ್ನು ಗಿರಾಕಿ ನಂಬುತ್ತಾನೆ. ಟ್ರ್ಯಾಕ್ಟರಿಗೂ ಪ್ಲಾಟಿಗೂ ಇದು ನಡೆಯುತ್ತದೆ. ಕೆಸರಿಗೆ ಇಳಿಯುವ ಕಬ್ಬಿಣದ ಗಾಲಿಯ ಟ್ರ್ಯಾಕ್ಟರುಗಳು ಬಂದು ನಾನು ಎತ್ತು ಬಿಟ್ಟು ಹಳೆ ಎಂಜಿನ್ ಮಾರಿಸಲು ಹೊರಟಾಗ ಇದೊಂದೇ ಬಂಡವಾಳ ನನ್ನ ಹತ್ತಿರವಿತ್ತು.

ನಾಲ್ಕು ಜೋಡಿ ಆಗಿದ್ದವು. ಇನ್ನೆರಡು ಬಾಕಿ. ಆಗ ಫಾದರಪ್ಪನಿಗೆ ವರ್ಗವಾಯಿತೆಂಬ ಸುದ್ದಿ ಬಂತು. ಆರು ಮನೆಗಳಲ್ಲಿ ಒಂದರ ಯಜಮಾನಿ ಮರಿಯಮ್ಮ ನನ್ನ ಮನೆಗೆ ಬಂದಳು. ಗಂಡ ತೀರಿದ ಮೇಲೆ ಮೂರು ಮಕ್ಕಳನ್ನೂ ಎರಡೆಕರೆಯನ್ನೂ ಒಬ್ಬಳೇ ನಡೆಸಿದವಳು; ಅವಳ ಪಾಲಿನ ಜೋಡಿ ಇನ್ನೂ ಬಂದಿರಲಿಲ್ಲ.

"ಯಣ್ಣಾ, ಬಿಷಪ್ಪರು ಬರಾಕತ್ಯಾರ. ಫಾದರಪ್ಪ ಈಗ ಹೋದ್ರ ಹೊಸದಾಗಿ ಬಂದವರು ಎತ್ತಿನ ಹಿಂದ ಓಡ್ಯಾಡ್ತಾರೇನು? ನೀ ಮಾತಾಡಿ ಉಳಿಸಿಕೊಡು."

"ನಾ ನಿಮ್ಮ ಮತದವನಲ್ಲವ್ವ. ಬಿಷಪ್ಪರ ಮುಂದ ನಾ ಏನ್ ಮಾತಾಡ್ಲಿ?"

"ಸೌದಾಕ್ಕ ಯಾವ ಮತ ಐತಿ? ಬಾ ಸುಮ್ನ."

ಬಿಷಪ್ಪರು ಬಂದು ಪೂಜೆ ಮುಗಿಸಿ, ಊಟ ಮಾಡಿ, ಚರ್ಚಿನ ಅಂಗಳದ ನೆರಳಿನಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಫಾದರಪ್ಪ. ಆರು ಮನೆಯವರೂ ಸುತ್ತ ನಿಂತರು. ನನ್ನನ್ನು ಬಿಷಪ್ಪರ ಎದುರಿಗೆ ಕೂರಿಸಿದರು. ಮೂರು ವರ್ಷ ಕೇಳಬೇಕು, ಎರಡಕ್ಕೆ ಇಳಿಯಬೇಕು ಎಂದು ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಸೌದಾ ಎಂದು ಕುಳಿತ ಮೇಲೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಹೆಗಲ ಟವೆಲ್ ತೆಗೆದು ಕೈಮೇಲೆ ಹಾಸಿಕೊಂಡು ಚಾಚಿಬಿಟ್ಟೆ.

ಬಿಷಪ್ಪರ ಕೈಯ ಉಂಗುರಕ್ಕೆ ಮುತ್ತಿಡುವುದು ಚರ್ಚಿನವರ ಪದ್ಧತಿ. ಅದಕ್ಕೇ ಕೈ ಚಾಚಿದ್ದೇನೆಂದು ತಿಳಿದು ಅವರು ತಮ್ಮ ಕೈ ಕೊಟ್ಟರು. ನಾನು ಅದರ ಮೇಲೆ ಟವೆಲ್ ಮುಚ್ಚಿ ಮೂರು ಬೆರಳು ಗಟ್ಟಿಯಾಗಿ ಹಿಡಿದೆ.

ಫಾದರಪ್ಪ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು.

"ಯಣ್ಣಾ, ಬಿಡೋ! ಅದಕ್ಕ ಮುದ್ದು ಕೊಡಬೇಕೋ!" ಎಂದು ಹಿಂದಿನಿಂದ ಮರಿಯಮ್ಮ ಪಿಸುಗುಟ್ಟಿದಳು.

"ಏನಪ್ಪಾ ಇದು?" ಎಂದರು ಬಿಷಪ್ಪರು.

ಹಿಡಿದ ಬೆರಳು ಬಿಟ್ಟರೆ ಸೌದಾ ಮುರಿದಂತೆ. "ಮೂರು ವರ್ಷ ರೀ, ಸ್ವಾಮಿ. ಫಾದರಪ್ಪನ್ನ ನಮಗ ಮೂರು ವರ್ಷ ಬಿಡಬೇಕು" ಎಂದೆ. ಪದ್ಧತಿಯನ್ನೆಲ್ಲ ಬಿಡಿಸಿ ಹೇಳಿದೆ.

ಅವರು ನಕ್ಕರು. "ಒಲ್ಲೆ ಅನ್ನಬೇಕಾದರೆ ಏನು ಮಾಡಬೇಕು?"

"ಕೈ ಎಳಕೊಬೇಕ್ರಿ."

ಎಳೆದುಕೊಳ್ಳಲಿಲ್ಲ. "ಸರಿ, ಅವರೇ ಯಾಕೆ ಬೇಕು ಹೇಳು" ಎಂದರು.

ನನ್ನ ಬದುಕಿನ ದೊಡ್ಡ ತಪ್ಪು ಆಗ ಆಯಿತು. ಕೊಳ್ಳುವವನು ಮಾಲನ್ನು ಹೊಗಳಬಾರದು. ಅದು ಕಸುಬಿನ ಮೊದಲ ಪಾಠ. ಎಂಥ ಎತ್ತಿದ್ದರೂ 'ಕಾಲು ಸೊಟ್ಟ, ಬಾಲ ಮೋಟು' ಎಂದು ಮೂಗು ಮುರಿದೇ ನಾನು ದರ ಇಳಿಸಿದವನು. ಅಂದು ಎಲ್ಲ ಮರೆತು ಹೊಗಳಿದೆ. ಎತ್ತನ್ನು ಹಿಂದಿನಿಂದ ನೂಕಿದ್ದು, ಕ್ಯಾಂಪಿನಲ್ಲಿ ಕಣ್ಣು ಮುಚ್ಚಿ ನಿಂತದ್ದು, ಮಸ್ಕಿಯಲ್ಲಿ ಕುಂದು ಹೇಳಿದ್ದು, ಯಾರ ಮನೆಯಲ್ಲಿ ಜ್ವರ ಬಂದರೂ ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ದವಾಖಾನೆಗೆ ಒಯ್ದದ್ದು. ಹೇಳುತ್ತ ಹೋದಂತೆ ನನ್ನ ಕಣ್ಣೇ ಒದ್ದೆಯಾಯಿತು.

ಬಿಷಪ್ಪರು ತಲೆದೂಗಿದರು. "ಅಲ್ಲಿ ಹೊಸ ಊರಿನಲ್ಲಿ ಚರ್ಚಿಲ್ಲ, ಮನೆಯಿಲ್ಲ, ಏನೂ ಇಲ್ಲ. ನಾನು ಇಂಥವರನ್ನೇ ಹುಡುಕುತ್ತಿದ್ದೆ" ಎಂದವರೇ ಟವೆಲ್ಲಿನಿಂದ ಕೈ ಎಳೆದುಕೊಂಡರು.

ಆಗ ಮುಂದೆ ಬಂದವಳು ಮರಿಯಮ್ಮ.

"ಸ್ವಾಮಿ, ಈ ಯಣ್ಣ ಅರ್ಧಾ ಹೇಳ್ಯಾನ. ಉಳಿದರ್ಧ ಕೇಳ್ರಿ. ಫಾದರಪ್ಪಗ ಹಾಡಾಕ ಬರಂಗಿಲ್ಲ. ಇವರು ಹಾಡಾಕ ಶುರು ಮಾಡಿದ್ರ ಹೊರಗ ಕಟ್ಟಿದ ಆಡು ಹಗ್ಗ ಹರಕೊಂತಾವ."

ಇನ್ನೊಬ್ಬಳು ಸೇರಿಕೊಂಡಳು. "ಪ್ರಸಂಗ ಮಾಡಾಕ ನಿಂತ್ರ ಮುಗಸಂಗಿಲ್ರಿ. ಭಾನುವಾರಕ್ಕೊಮ್ಮಿ ನಮ್ಮನ್ಯಾಗ ಬ್ಯಾಳಿ ಹತ್ತತೈತಿ."

"ಇವರ ಮೋಟಾರ್ ಗಾಡಿ ನಾವು ನೂಕಿದ್ರನ ಚಾಲೂ ಆಗ್ತೈತ್ರಿ. ನೂಕಿ ನೂಕಿ ನಮ್ಮ ನಡಾ ಹೋಗ್ಯಾವ!" ಎಂದ ಹಿಂದಿನಿಂದ ಒಬ್ಬ.

"ಪಾಪ ಹೇಳಿಕೊಳ್ಳಾಕ ಹೋದ್ರ ನಿದ್ದಿ ಮಾಡ್ತಾರ" ಎಂದು ಒಬ್ಬ ಮುದುಕಿ ನಿಟ್ಟುಸಿರು ಬಿಟ್ಟಳು. "ನನ್ನ ಪಾಪ ಅಷ್ಟು ಸಪ್ಪಗ ಅದಾವೇನ್ರಿ?"

ಮರಿಯಮ್ಮ ಕೈ ಮುಗಿದಳು. "ಇಂಥವರನ್ನ ಹೊಸ ಊರಿಗೆ ಕಳಿಸಿದ್ರ ಸಿಂಧನೂರಿನ ಮರ್ಯಾದಿ ಏನಾಗಬೇಕ್ರಿ? ತಿದ್ದಿ ಕಳಿಸ್ತೀವಿ. ಸ್ವಲ್ಪ ಟೈಮ್ ಕೊಡ್ರಿ."

ಬಿಷಪ್ಪರು ನಗೆ ತಡೆದುಕೊಂಡು ಫಾದರಪ್ಪನ ಕಡೆ ತಿರುಗಿದರು. "ಇದೆಲ್ಲ ನಿಜವೇ?"

"ಹಾಡಿನ ವಿಷಯ ನಿಜ" ಎಂದರು ಫಾದರಪ್ಪ. "ಬೇಳೆ ಸೀದದ್ದು ನನಗೆ ಗೊತ್ತಿರಲಿಲ್ಲ."

ಬಿಷಪ್ಪರು ತಾವೇ ನನ್ನ ಟವೆಲ್ ಎತ್ತಿ ಅದರ ಕೆಳಗೆ ಕೈ ತೂರಿಸಿದರು. ನಾನು ಎರಡು ಬೆರಳು ಹಿಡಿದೆ. ಅವರು ಬಿಡಿಸಿಕೊಂಡು ನನ್ನ ಒಂದೇ ಬೆರಳು ಹಿಡಿದರು. ಮತ್ತೆ ಎರಡು ಹಿಡಿದೆ. ಮತ್ತೆ ಒಂದು. ಮುಖದಲ್ಲಿ ಏನೂ ಇಲ್ಲ, ಮೇಲೆ ಮಾತ್ರ "ಈ ಸಲ ಮಳೆ ಹೇಗಿದೆ?" ಎಂದು ಕೇಳುತ್ತಿದ್ದರು. ಅಂಥ ದಲ್ಲಾಳಿಯನ್ನು ನಾನು ಮೂರು ಸಂತೆಯಲ್ಲೂ ಕಂಡಿಲ್ಲ. ಒಂದು ವರ್ಷಕ್ಕೆ ಸೌದಾ ಮುಗಿಯಿತು.

ಒಂದು ವರ್ಷವೆಂದರೆ ಒಂದು ಜೋಡಿ, ಬೇಕಾದದ್ದು ಎರಡು. ನನಗೆ ದಾರಿ ಕಾಣಲಿಲ್ಲ, ಮರಿಯಮ್ಮನಿಗೆ ಕಂಡಿತು. ಬೆಳೆದ ಜೋಡಿ ಬೇಡ, ಅದೇ ಭತ್ತಕ್ಕೆ ಎಳೆಯ ಹೋರಿಗಳ ಎರಡು ಜೋಡಿ ತರೋಣ, ಕೆಸರನ್ನು ನಾವೇ ಕಲಿಸೋಣ ಎಂದಳು. ಎಳೆಯವು ಕಲಿಯುವ ಹೊತ್ತಿಗೆ ವರ್ಷ ಮುಗಿಯುತ್ತದೆಂದು ನಾನು ವಾದಿಸಿದೆ. "ನನ್ನ ಮೂರು ಮಕ್ಕಳು ಆರಾರು ತಿಂಗಳಾಗ ಕೆಸರಿನಾಗ ನಾಟಿ ಕಲ್ತಾವ" ಎಂದಳು. ಫಾದರಪ್ಪ ಅವಳ ಕಡೆಗೇ ನಿಂತರು. ಅಷ್ಟೇ ಅಲ್ಲ, ಸಂತೆಗೆ ಅವಳೇ ಹೋಗಲಿ, ಬೆರಳು ಕಲಿಸು ಎಂದರು. ಮುಂದೆ ತಾವಿರುವುದಿಲ್ಲ, ನಾನೂ ಯಾವಾಗಲೂ ಇರುವುದಿಲ್ಲ ಎಂದು.

ಲಿಂಗಸುಗೂರಿನಲ್ಲಿ ಹೋರಿಯವನು ಹೆಂಗಸಿನ ಜೊತೆ ಟವೆಲ್ಲಿನ ಕೆಳಗೆ ಕೈ ಇಡಲು ನಾಚಿಕೊಂಡ. "ಏ ಮಾರಾಯಾ, ಕೈ ಹಿಡಿ ಅಂದ್ರ ಲಗ್ನಕ್ಕಲ್ಲ, ದರಕ್ಕ!" ಎಂದಳು ಮರಿಯಮ್ಮ. ಸಂತೆಯೆಲ್ಲ ನಕ್ಕಿತು. ಅವನು ನಾಚಿಕೆಯಲ್ಲೇ ಎರಡು ಬೆರಳು ಇಳಿದ. ಅವಳ ಮುಖ ಮಾತ್ರ ಒಣಗಿಸಿದ ಸಗಣಿ ಕುಳ್ಳಿನಂತಿತ್ತು, ಏನೂ ಓದಲಾಗದು. ನಾನು ಹದಿನೈದು ವರ್ಷದಲ್ಲಿ ಕಲಿತದ್ದನ್ನು ಅವಳು ತಾಯಿಯ ಹೊಟ್ಟೆಯಿಂದ ತಂದಿದ್ದಳು.

ವರ್ಷ ತುಂಬಿತು. ಫಾದರಪ್ಪ ಹೊರಡುವ ದಿನ ಬೆಳಿಗ್ಗೆ ನಾನು ಅವರ ಟ್ರಂಕು ಹೊತ್ತು ಸಿಂಧನೂರಿನ ಬಸ್ ನಿಲ್ದಾಣಕ್ಕೆ ಬಂದೆ. ಹಾರ ಹಿಡಿದ ಮಂದಿ ತುಂಬಿರುತ್ತಾರೆಂದು ತಿಳಿದಿದ್ದೆ. ಒಬ್ಬರೂ ಇರಲಿಲ್ಲ. ಚರ್ಚಿನ ಆರು ಮನೆಯವರಲ್ಲಿ ಒಬ್ಬರೂ ಇಲ್ಲ. ಬಿಷಪ್ಪರ ಮುಂದೆ ಅಷ್ಟು ಮಾತಾಡಿದ ಮರಿಯಮ್ಮನೂ ಇಲ್ಲ. "ಮಂದಿ ಅಂದ್ರ ಇಷ್ಟ ನೋಡ್ರಿ ಅಪ್ಪಾರ" ಎಂದೆ. ಫಾದರಪ್ಪ ಎರಡು ಸಲ ರಸ್ತೆಯ ಕಡೆ ನೋಡಿದರು. ಬಸ್ಸು ಬಂತು. ಅವರನ್ನು ಒಬ್ಬರನ್ನೇ ಕಳಿಸಲು ಮನಸ್ಸಾಗದೆ ಮುಂದಿನ ಊರಿನವರೆಗೆಂದು ನಾನೂ ಹತ್ತಿದೆ.

ಬಸ್ಸು ಊರು ದಾಟಿ ಕಾಲುವೆಯ ಕಡೆ ಬಂತು. ಕಾಲುವೆ ತುಂಬಿ ಹರಿಯುತ್ತಿತ್ತು. ರಾತ್ರಿ ನೀರು ಬಿಟ್ಟಿದ್ದರು, ನಮಗಿಬ್ಬರಿಗೂ ಗೊತ್ತಿರಲಿಲ್ಲ. ರಸ್ತೆಯ ಬದಿಯ ಗದ್ದೆಗಳಲ್ಲಿ ಕೆಸರು ಮಿಂಚುತ್ತಿತ್ತು. ಫಾದರಪ್ಪ ಕಿಟಕಿಗೆ ಮುಖವಿಟ್ಟು ಬೆರಳು ಮಾಡುತ್ತ ಎಣಿಸತೊಡಗಿದರು. ಮೂರು, ನಾಲ್ಕು, ಐದು. ಆಮೇಲೆ ನನ್ನ ಭುಜ ಹಿಡಿದು ಅಲುಗಾಡಿಸಿದರು.

"ಆರು, ಹನುಮಂತಪ್ಪಾ! ಆರೂ ಇಳಿದಿವೆ!"

ಎದ್ದು ನಿಂತು ಬಸ್ಸು ನಿಲ್ಲಿಸಿ ಎಂದು ಕೂಗಿದರು. ಬಸ್ಸು ನಿಂತಿತು. ಬಾಗಿಲಿಗೆ ಓಡಿ ಒಂದು ಕಾಲು ಕೆಳಗಿಟ್ಟಿದ್ದರು. ಹತ್ತಿರದ ಗದ್ದೆಯಲ್ಲಿ, ಸೀರೆ ಕಚ್ಚೆ ಹಾಕಿ, ಎಳೆಯ ಹೋರಿಗಳ ಹಿಂದೆ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ ಮರಿಯಮ್ಮ ಬಾರುಕೋಲು ಎತ್ತಿ ಬೀಸಿದಳು.

"ಇಳೀಬ್ಯಾಡ್ರೀ ಅಪ್ಪಾ! ನಮಗ ಈಗ ಪುರುಸೊತ್ತಿಲ್ಲ! ಹೋಗಿ ಬರ್ರೀ!"

ಅಷ್ಟು ಕೂಗಿ ಅವಳು ಹೋರಿಗಳನ್ನು ಹೊಡೆದುಕೊಂಡು ಆ ಕಡೆ ತಿರುಗಿದಳು. ಉಳಿದವರು ನಿಂತಲ್ಲಿಂದಲೇ ಕೈ ಎತ್ತಿ, ಮತ್ತೆ ಬಗ್ಗಿದರು.

"ಏನ್ರೀ ಫಾದರ್, ಇಳೀತೀರೋ ಇಲ್ರೋ?" ಎಂದ ಕಂಡಕ್ಟರ್.

ಫಾದರಪ್ಪ ಕಾಲು ಮೇಲಕ್ಕೆ ತೆಗೆದುಕೊಂಡರು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ಇಲ್ಲಪ್ಪಾ, ಅವರಿಗೆ ಪುರುಸೊತ್ತಿಲ್ಲವಂತೆ" ಎಂದರು. "ಬಿಡು ಬಸ್ಸು."